ಸುಂಕದವರ ಮುಂದೆ ಒಂದು ಪುಟ್ಟ ರೈಲು

ಖಾನಾಪುರ ರಸ್ತೆ ಹಿಡಿದು ಉದ್ಯಮಬಾಗ ದಾಟಿದರೆ ಪೀರನವಾಡಿ. ಅಲ್ಲಿನ ಒಂದು ಓಣಿಯ ಗಟಾರದ ಬಗ್ಗೆ ದೂರು ಬಂದಿತ್ತು, ಫೋಟೊ ತೆಗೆಯಲು ಹೋಗಿದ್ದೆವು. ಗಟಾರದ ಸುದ್ದಿ ನಾಲ್ಕು ಸಾಲು ಬಂತು, ಅದು ಅಲ್ಲಿಗೆ ಮುಗಿಯಿತು. ಆದರೆ ನೀರು ಕುಡಿಯಲು ಒಳಗೆ ಕರೆದ ಮನೆಯ ಟೇಬಲ್ಲಿನ ಮೇಲೆ, ಹಳೆಯ ಬನಿಯನ್ ಬಟ್ಟೆ ಹಾಸಿ ಇಟ್ಟಿದ್ದ ಹಿತ್ತಾಳೆಯ ಎಂಜಿನ್ ಒಂದು ಆರು ತಿಂಗಳಾದರೂ ನಮ್ಮ ತಲೆಯಿಂದ ಇಳಿದಿಲ್ಲ. ಒಂದು ಗೇಣು ಉದ್ದ. ಬಾಯ್ಲರು, ಚಿಮಣಿ, ಡ್ರೈವರ್ ನಿಲ್ಲುವ ಗೂಡು, ಗೂಡಿಗೆ ಹತ್ತುವ ಎರಡು ಮೆಟ್ಟಿಲು, ಹಿಂದೆ ಕಲ್ಲಿದ್ದಲಿನ ಟೆಂಡರು. ಎಲ್ಲವೂ ಇತ್ತು, ಗಾಲಿ ಮಾತ್ರ ಇರಲಿಲ್ಲ.

‘ಗಾಲಿ ಎಲ್ಲಿ?’ ಅಂತ ಕೇಳಿದೆವು.

‘ಗಾಲಿ ಮುಂಬೈದಾಗ ಕುಂತಾವ್ರೀ’ ಅಂದರು ಅದನ್ನು ಮಾಡಿದವರು.

ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್. ಹಗಲೆಲ್ಲ ಪಂಪಿನ ಶಾಫ್ಟು, ಬುಷ್ಷು ಕಡೆಯುವುದು. ಮಾಲೀಕರು ಒಪ್ಪಿದ ದಿನ ಪಾಳಿ ಮುಗಿದ ಮೇಲೆ ಅದೇ ಲೇಥಿನಲ್ಲಿ ಒಂದು ತಾಸು ಈ ಎಂಜಿನ್ನಿನ ಕೆಲಸ. ಅವರ ಅಪ್ಪ ಲೋಂಡಾ ಕಡೆ ಗ್ಯಾಂಗ್‌ಮನ್ ಆಗಿದ್ದವರು. ಆಗ ಇಲ್ಲಿ ಇದ್ದದ್ದು ಮೀಟರ್ ಗೇಜ್. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಕಿದ ಆ ಹಳಿ 1990ರ ದಶಕದಲ್ಲಿ ಕಿತ್ತು ಬ್ರಾಡ್ ಗೇಜ್ ಆಯಿತು. ಆ ಹಳಿಯ ಮೇಲೆ ಓಡುತ್ತಿದ್ದ ವೈಪಿ ಎಂಜಿನ್ ಈಗ ಬೆಳಗಾವಿ ಮಕ್ಕಳಿಗೆ ನೋಡಲು ಸಿಗುವುದಿಲ್ಲ. ಅಪ್ಪನಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಒಂದರಲ್ಲಿ ಪೂರ್ತಿ ಮಂಜು, ಇನ್ನೊಂದರಲ್ಲಿ ಅರ್ಧ. ‘ಅಪ್ಪಗ ಅದು ಓಡೂದು ಕಾಣಿಸೂ ತನಕಾ ಮುಗಿಸಬೇಕ್ರೀ’ ಎನ್ನುವುದು ಮಗನ ಲೆಕ್ಕ.

ಈ ಲೆಕ್ಕ ತಪ್ಪಿಸಿದವರು ಯಾರು ಎಂಬುದೇ ಈ ಬರಹ.

ಒಂದು ಮೀಟರ್ ಅಗಲದ ಹಳಿಯನ್ನು 87 ಪಟ್ಟು ಕುಗ್ಗಿಸಿದರೆ ಹನ್ನೊಂದೂವರೆ ಮಿಲಿಮೀಟರ್. ಹವ್ಯಾಸಿಗಳು ಅದಕ್ಕೆ 12 ಮಿ.ಮೀ. ಹಳಿ ಬಳಸುತ್ತಾರೆ. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ ಕೂಡ ಮೀಟರ್ ಗೇಜಿನದೇ, ಹಾಗಾಗಿ ಅಲ್ಲಿಯ ರೈಲುಗಳ ಮಾದರಿಗೆಂದು ಮಾಡಿದ ಹಳಿ ನಮ್ಮ ಲೋಂಡಾದ ರೈಲಿಗೂ ಸರಿಹೋಗುತ್ತದೆ. ಇಂಗ್ಲೆಂಡಿನ ಹಾರ್ನ್‌ಬಿ 2022ರಲ್ಲಿ 120ಕ್ಕೆ 1ರ ಅಳತೆಯ ಹೊಸ ಸಾಲು ತಂದಿತು, ಅದರ ಹಳಿಯೂ 12 ಮಿ.ಮೀ. ಅದನ್ನು ಅವರು ಮೊದಲು ಅಂಗಡಿಗಳಿಗೇ ಕೊಡದೆ ನೇರ ಆನ್‌ಲೈನಿನಲ್ಲಿ ಮಾರಿದರು. ಬ್ರಾಡ್ ಗೇಜಿನವರ ಪಾಡು ಇದಕ್ಕಿಂತ ಕಷ್ಟ. ನಮ್ಮ 1,676 ಮಿ.ಮೀ. ಹಳಿ 87 ಪಟ್ಟು ಕುಗ್ಗಿದರೆ 19 ಮಿ.ಮೀ. ದಾಟುತ್ತದೆ, ಮಾರುಕಟ್ಟೆಯಲ್ಲಿ ಸಿಗುವುದು 16.5. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಮಾದರಿ ಮಾಡಲು ಹೊರಟವರು ಡಬ್ಬಿಯನ್ನು ಸರಿಯಾದ ಅಳತೆಗೆ ಮಾಡಿ ಸಪೂರ ಹಳಿಯ ಮೇಲೆ ನಿಲ್ಲಿಸಬೇಕು. ನಮ್ಮ ಟರ್ನರ್ ಹೇಳುವಂತೆ ‘ದೊಡ್ಡ ಮನಶಾ ಸಣ್ಣ ಹುಡುಗನ ಚಪ್ಪಲ್ ಹಾಕ್ಕೊಂಡಂಗ’.

ಸರಿ, ಅವರು ಇಂಗ್ಲೆಂಡಿನ ಒಂದು ಅಂಗಡಿಯಿಂದ ತರಿಸಿದ್ದು ಏನು? ರೈಲಲ್ಲ. ಆರು ಜೋಡಿ ಗಾಲಿ, ಬೆರಳ ತುದಿಯಷ್ಟು ಮೋಟಾರು, ಒಂದು ಗೇರಿನ ಸೆಟ್ಟು, ನಾಲ್ಕು ತುಂಡು ಹಳಿ. ಅಂಚೆ ಖರ್ಚು ಸೇರಿ ₹9,200. ಇಲ್ಲೊಂದು ಮೋಹಕ ಸಂಗತಿಯಿದೆ. ಬ್ರಿಟನ್ನಿನಿಂದ ಹೊರದೇಶಕ್ಕೆ ಹೋಗುವ ಮಾಲಿಗೆ ಅಲ್ಲಿನ 20 ಶೇಕಡಾ ವ್ಯಾಟ್ ಇಲ್ಲ, ಜರ್ಮನಿಯದಾದರೆ 19. ವಿಳಾಸದಲ್ಲಿ ಇಂಡಿಯಾ ಎಂದು ಆರಿಸಿದ ಕೂಡಲೇ ಪರದೆಯ ಮೇಲೆ ದರ ಇಳಿಯುತ್ತದೆ. ಅದನ್ನು ಕಂಡ ಯಾರಿಗಾದರೂ ತನಗೆ ರಿಯಾಯಿತಿ ಸಿಕ್ಕಿತು ಎಂದೇ ಅನ್ನಿಸುತ್ತದೆ. ಅಂಗಡಿಯವನು ಕೆಳಗೆ ಸಣ್ಣ ಅಕ್ಷರದಲ್ಲಿ ‘ನಿಮ್ಮ ದೇಶದ ಸುಂಕ ನಿಮ್ಮ ಹೊಣೆ’ ಎಂದಿರುತ್ತಾನೆ. ಎಷ್ಟು ಎಂದು ಅವನಿಗೂ ಗೊತ್ತಿಲ್ಲ, ಹೇಳುವುದು ಅವನ ಕೆಲಸವೂ ಅಲ್ಲ.

ಹದಿನೆಂಟು ದಿನಕ್ಕೆ ಕೊರಿಯರ್ ಕಂಪನಿಯಿಂದ ಮೆಸೇಜು. ಮೊದಲು ಆಧಾರ್ ಕಳಿಸಿ ಅಂದರು, ಕಳಿಸಿದರು. ಆಮೇಲೆ ಈ ಮಾಲು ಏನಕ್ಕೆ ಅಂದರು, ಹೇಳಿದರು. ಮೂರನೆಯದರಲ್ಲಿ ಬಂದದ್ದು ಸುಂಕ, ತೆರಿಗೆ, ಕೊರಿಯರ್‌ನವರ ಸೇವಾ ಶುಲ್ಕ, ಆ ಶುಲ್ಕದ ಮೇಲಿನ ತೆರಿಗೆ ಎಲ್ಲ ಸೇರಿದ ಚೀಟಿ: ₹8,940. ಒಂಬತ್ತು ಸಾವಿರದ ಸಾಮಾನಿಗೆ ಒಂಬತ್ತು ಸಾವಿರದ ದಂಡ. ಚೀಟಿ ಇಂಗ್ಲಿಷಿನಲ್ಲಿ, ಅದರಲ್ಲೂ ಅರ್ಧ ಬರೀ ಸಂಖ್ಯೆ. ಟರ್ನರ್ ಫೋನ್ ಹಚ್ಚಿದರು, ‘ನಾ ಆಟಿಗಿ ತರಿಸಿಲ್ರೀ, ಗಾಲಿ ತರಿಸೇನಿ’ ಅಂದರು. ಆ ಕಡೆಯಿಂದ ಹಿಂದಿಯಲ್ಲಿ ಒಂದೇ ಉತ್ತರ: ಕಟ್ಟಿದರೆ ಬಿಡುತ್ತೇವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಈಗ ಸುಂಕದವನ ಮುಖವೂ ಕಾಣುವುದಿಲ್ಲ, ನಡುವೆ ಕಾಲ್ ಸೆಂಟರ್ ಬಂದು ಕೂತಿದೆ.

ನಾವು ಈ ಚೀಟಿ ಹಿಡಿದು ಕೆಲವು ವಾರ ಓದಿಕೊಂಡೆವು. ತಿಳಿದದ್ದು ಇಷ್ಟು. ನಮ್ಮ ಸುಂಕದ ಪಟ್ಟಿಯಲ್ಲಿ 9503 ಎಂಬ ಶೀರ್ಷಿಕೆ ಇದೆ. ಮಕ್ಕಳ ಮೂರುಗಾಲಿ ಸೈಕಲ್ಲು, ಗೊಂಬೆ, ಗೊಂಬೆಯ ಗಾಡಿ, ಒಗಟಿನ ಆಟ, ಇವುಗಳ ಜತೆಗೇ ಅಳತೆಗೆ ಕುಗ್ಗಿಸಿದ ಮಾದರಿಗಳು, ಓಡುವುದಿರಲಿ ಓಡದಿರಲಿ, ಎಲ್ಲ ಒಂದೇ ಚೀಲದಲ್ಲಿ. 2020ರ ಬಜೆಟ್‌ನಲ್ಲಿ ಈ ಚೀಲದ ಮೇಲಿನ ಮೂಲ ಸುಂಕ 20 ಶೇಕಡಾದಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಅದು ಬರೀ ಮೂಲ ಸುಂಕ. ಹತ್ತು ಸಾವಿರದ ಮಾಲಿಗೆ ಏಳು ಸಾವಿರ ಕೂಡಿಸಿ, ಬಂದ ಹದಿನೇಳು ಸಾವಿರದ ಮೇಲೆ ಮತ್ತೆ ಐಜಿಎಸ್‌ಟಿ. ಸುಂಕದ ಮೇಲೂ ತೆರಿಗೆ.

ಇನ್ನೊಂದು ಬಾಗಿಲು 9804. ಸ್ವಂತ ಬಳಕೆಗೆಂದು ಅಂಚೆಯಲ್ಲೋ ವಿಮಾನದಲ್ಲೋ ಬರುವ ಸುಂಕದ ಮಾಲೆಲ್ಲ ಅಲ್ಲಿ ಒಂದೇ ದರಕ್ಕೆ. ಇನ್ನು ಮೋಟಾರನ್ನು ಮೋಟಾರೆಂದೇ ನೋಡಿದರೆ ಅದು ವಿದ್ಯುತ್ ಯಂತ್ರಗಳ 85ನೇ ಅಧ್ಯಾಯಕ್ಕೆ ಹೋಗುತ್ತದೆ, ಅಲ್ಲಿ ಬೇರೆ ದರ. ಅಂದರೆ ಒಂದೇ ಪೆಟ್ಟಿಗೆಗೆ ಮೂರು ಬಾಗಿಲು. ಯಾವ ಬಾಗಿಲಿನಿಂದ ಒಳಗೆ ಬಿಟ್ಟರು ಎಂಬುದು ಕೊಂಡವರಿಗೆ ಗೊತ್ತಾಗುವುದು ಚೀಟಿ ಕೈಗೆ ಬಂದ ಮೇಲೆ, ಗೊತ್ತಾದರೆ. ಐಸ್‌ಗೇಟ್ ಜಾಲತಾಣದಲ್ಲಿ ಸುಂಕದ ಲೆಕ್ಕ ಹಾಕಿ ನೋಡಬಹುದು ನಿಜ. ಅದಕ್ಕೆ ಮೊದಲು ನಿಮ್ಮ ಗಾಲಿ ಯಾವ ಎಂಟು ಅಂಕಿಯ ಗಾಲಿ ಎಂದು ನಿಮಗೆ ಗೊತ್ತಿರಬೇಕು.

ಈಗ ಕೆಲವರು ಎದ್ದು ಕೇಳುತ್ತಾರೆ: ಚೀನಾದ ಕಳಪೆ ಆಟಿಕೆ ಬಂದು ನಮ್ಮ ಮಕ್ಕಳ ಬಾಯಿಗೆ ಸೀಸ ಹಾಕಬೇಕಿತ್ತೇ? ಬೇಡ. ಆ ವಿಷಯದಲ್ಲಿ ನಮಗೆ ತಕರಾರಿಲ್ಲ. ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯ ಮಾಡಿದ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು, ಒಳ್ಳೆಯದೇ ಆಯಿತು. 2014-15ಕ್ಕೆ ಹೋಲಿಸಿದರೆ 2022-23ರಲ್ಲಿ ಆಟಿಕೆ ಆಮದು 52 ಶೇಕಡಾ ಇಳಿದಿದೆ, ರಫ್ತು 239 ಶೇಕಡಾ ಏರಿದೆ ಎಂದು ಕೇಂದ್ರ ಹೇಳಿದೆ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆಯುವವರಿಗೆ, ನಮ್ಮದೇ ಜಿಲ್ಲೆಯ ಗೋಕಾಕದಲ್ಲಿ ಹಣ್ಣು-ಕಾಯಿಯ ಆಟಿಕೆ ಮಾಡುವವರಿಗೆ ಇದರಿಂದ ನಾಲ್ಕು ಕಾಸು ಹೆಚ್ಚು ಬಂದಿದ್ದರೆ ಸಂತೋಷ.

ಆದರೆ ಬಿಐಎಸ್ ಆದೇಶ ಹೇಳುವುದು 14 ವರ್ಷದೊಳಗಿನ ಮಕ್ಕಳ ಆಟಿಕೆಯನ್ನು. ವಿದೇಶದ ಮಾದರಿ ರೈಲಿನ ಪೆಟ್ಟಿಗೆಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದೋ 15 ಎಂದೋ ಅಚ್ಚು ಹಾಕಿರುತ್ತಾರೆ. ಸುರಕ್ಷತೆಯ ಪ್ರಶ್ನೆ ಬಂದಾಗ ಅದು ಆಟಿಕೆಯಲ್ಲ, ಹಣ ವಸೂಲಿಗೆ ಬಂದಾಗ ಗೊಂಬೆಯ ಗಾಡಿಯ ಪಕ್ಕದಲ್ಲೇ ಅದಕ್ಕೂ ಜಾಗ. ಎರಡರಲ್ಲಿ ಯಾವುದು ಎಂದು ಸರ್ಕಾರವೇ ತೀರ್ಮಾನ ಮಾಡಲಿ.

ಮತ್ತೆ, ಗೋಡೆ ಕಟ್ಟುವುದು ಒಳಗಿನ ಮನೆ ಕಾಯಲು. ಈ ವಿಷಯದಲ್ಲಿ ಒಳಗೆ ಮನೆಯೇ ಇಲ್ಲ. ಚನ್ನಪಟ್ಟಣದ ಮರದ ರೈಲು ಚೆಂದ, ಮೂರು ವರ್ಷದ ಮಗು ದಾರ ಕಟ್ಟಿ ಎಳೆಯಲಿ. ಅದು ಅಳತೆಯ ಮಾದರಿಯಲ್ಲ, ಆಗಬೇಕಾದದ್ದೂ ಇಲ್ಲ. ಕೆಲವು ಹವ್ಯಾಸಿಗಳು 3ಡಿ ಪ್ರಿಂಟರಿನಲ್ಲಿ ನಮ್ಮ ಎಂಜಿನ್ನುಗಳ ಒಡಲು ಮಾಡುತ್ತಾರೆ. ಒಡಲಿನ ಕೆಳಗೆ ಓಡುವ ಭಾಗ ಬೇಕಲ್ಲ? ಒಂದು ಮಿಲಿಮೀಟರಿಗಿಂತ ಕಡಿಮೆ ಅಂಚಿನ ಗಾಲಿ, ಅದಕ್ಕೆ ಹೊಂದುವ ಗೇರು, ಹಳಿಯ ಕವಲು, ಇವನ್ನು ಬೆಳಗಾವಿಯಲ್ಲಿ ಯಾವ ಅಂಗಡಿಯಲ್ಲಿ ಕೇಳೋಣ? ಗಣಪತಿ ಗಲ್ಲಿಯಲ್ಲೋ, ಖಡೇ ಬಜಾರಿನಲ್ಲೋ? ಸ್ವದೇಶಿ ಎಂದು ಉಪದೇಶ ಮಾಡುವವರು ಅಂಗಡಿಯ ವಿಳಾಸ ಕೊಡಲಿ, ನಾಳೆಯೇ ಹೋಗಿ ತರುತ್ತೇವೆ. (ಬ್ರಿಟಿಷ್ ಹೆಸರಿನ ಪೆಟ್ಟಿಗೆಗಳಲ್ಲಿ ಬಹಳಷ್ಟು ಚೀನಾದಲ್ಲೇ ತಯಾರಾಗುತ್ತವೆ ಎಂಬುದು ನಮಗೂ ಗೊತ್ತು. ಅದನ್ನು ಮುಚ್ಚಿಡುವ ಆಸೆಯಿಲ್ಲ.)

ನಮಗೆ ನಿಜವಾಗಿ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ಆ 70 ಶೇಕಡಾ ಆಟಿಕೆಗೆ ಮಾತ್ರವಲ್ಲ, ಆಟಿಕೆಯ ಬಿಡಿಭಾಗಕ್ಕೂ ಅನ್ವಯ. ಆದರೆ ಎಲೆಕ್ಟ್ರಾನಿಕ್ ಆಟಿಕೆಯ ಬಿಡಿಭಾಗಗಳನ್ನು ಆ ಏರಿಕೆಯಿಂದ ಹೊರಗಿಟ್ಟರು. ಯಾಕೆ? ಇಲ್ಲಿ ಜೋಡಿಸುವವರಿಗೆ ಬಿಡಿಭಾಗ ಅಗ್ಗವಾಗಿ ಸಿಗಲಿ ಎಂದು. ಅಂದರೆ ಕಟ್ಟುವವನನ್ನೂ ಕೊಳ್ಳುವವನನ್ನೂ ಬೇರೆಬೇರೆಯಾಗಿ ನೋಡಲು ಸರ್ಕಾರಕ್ಕೆ ಬರುತ್ತದೆ, ಕೇಳುವವರು ದೊಡ್ಡವರಾಗಿರಬೇಕು ಅಷ್ಟೇ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಎಂದು 2020ರಲ್ಲಿ ಘೋಷಣೆಯಾದಾಗ ಪುಟಗಟ್ಟಲೆ ಸುದ್ದಿ ಬರೆದವರಲ್ಲಿ ನಾವೂ ಇದ್ದೆವು. ಪೀರನವಾಡಿಯಲ್ಲಿ ಒಂದೇ ಟೇಬಲ್ಲಿನ ಕ್ಲಸ್ಟರ್ ಇದೆ. ಅದಕ್ಕೆ ಯಾವ ಸುತ್ತೋಲೆಯೂ ಇಲ್ಲ. ಮುಂಬೈಯಲ್ಲಿ ಲಕ್ಷ ರೂಪಾಯಿಯ ಜರ್ಮನ್ ಎಂಜಿನ್ ತರಿಸಿ ಗಾಜಿನ ಕಪಾಟಿನಲ್ಲಿ ಇಡುವ ಶ್ರೀಮಂತನಿಗೂ, ಎಂಜಿನ್ ತಾನೇ ಕಡೆದು ಗಾಲಿ ಮಾತ್ರ ತರಿಸುವ ಟರ್ನರಿಗೂ ಒಂದೇ ತಕ್ಕಡಿ. ಶ್ರೀಮಂತ ಗೊಣಗುತ್ತಾ ಕಟ್ಟುತ್ತಾನೆ. ಟರ್ನರ್ ಬಿಡಬೇಕಾಗುತ್ತದೆ.

ಆ ಜರ್ಮನ್ ಎಂಜಿನ್ನಿನ ಹಿಂದೆ ಯಾರಿದ್ದರು ಎಂದೂ ಹೇಳಬೇಕು. ಮ್ಯಾರ್ಕ್ಲಿನ್ ಕಂಪನಿ ಶುರುವಾದದ್ದು 1859ರಲ್ಲಿ, ಗಪ್ಪಿಂಗೆನ್ ಎಂಬ ಊರಿನಲ್ಲಿ. ಶುರು ಮಾಡಿದವನು ತಗಡಿನ ಕೆಲಸಗಾರ. ಗೊಂಬೆಮನೆಯ ಅಡುಗೆ ಪಾತ್ರೆ ಮಾಡುತ್ತಿದ್ದ. 1891ರ ಲೈಪ್‌ಜಿಗ್ ಸಂತೆಯಲ್ಲಿ ಆ ಕಂಪನಿ ಹಳಿಗೆ ಗೊತ್ತಾದ ಅಳತೆಗಳನ್ನು ಇಟ್ಟು ರೈಲು ತೋರಿಸಿತು. ಕೊಂಡವರು ಮುಂದಿನ ವರ್ಷ ಇನ್ನೆರಡು ತುಂಡು ಹಳಿ ಕೊಂಡು ಜೋಡಿಸಬಹುದಾಯಿತು. ಅಷ್ಟೇ ಗುಟ್ಟು. ಬೆಳಗಾವಿಯಲ್ಲಿ ತಗಡಿನವರಿಗೆ ಬರವೇ? ಫೌಂಡ್ರಿಗೆ ಬರವೇ? ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಕಡೆಯುವ ಕೈ ನಮ್ಮ ಹುಡುಗರದೇ. ಖಾನಾಪುರದ ಮಣ್ಣು ಚೆನ್ನಾಗಿದೆ ಎಂದು ಖಾದಿ ಗ್ರಾಮೋದ್ಯೋಗದವರು ಅಲ್ಲಿ ಕುಂಬಾರಿಕೆಯ ಕೇಂದ್ರೀಯ ಸಂಸ್ಥೆಯನ್ನೇ ಇಟ್ಟರು. ಉದ್ಯಮಬಾಗದ ಕೈ ಚೆನ್ನಾಗಿದೆ ಎಂದು ಯಾರಿಗೂ ಯಾಕೆ ತೋರುವುದಿಲ್ಲ?

ಇದೇ ಪ್ರಶ್ನೆಯನ್ನು ಉದ್ಯಮಬಾಗದ ಒಬ್ಬ ಮಾಲೀಕರ ಮುಂದೆ ಇಟ್ಟೆವು. ಅವರು ನಕ್ಕರು. ‘ಮಾಡಾಕ ಬರ್ತೈತ್ರೀ. ಟೂಲಿಂಗ್ ಖರ್ಚು ಹೊಂಡಬೇಕಂದ್ರ ಸಾವಿರ ಜೋಡಿ ಹೋಗಬೇಕು. ಇಡೀ ಬೆಳಗಾಂವ್ಯಾಗ ಇಂಥಾ ಹುಚ್ಚರು ಎಷ್ಟ ಮಂದಿ ಅದಾರ?’ ಉತ್ತರ ಸರಿಯಾಗಿದೆ, ಅದಕ್ಕೇ ನೋವಾಯಿತು. ಹುಚ್ಚರು ಹತ್ತೇ ಮಂದಿ ಇದ್ದಾಗ ಗಾಲಿ ಹೊರಗಿಂದ ಬರಬೇಕು. ಗಾಲಿ ಬಂದರೆ ಹತ್ತು ನೂರಾಗುತ್ತದೆ, ನೂರಾದ ಮೇಲೆ ಈ ಮಾಲೀಕರೇ ಗಾಲಿ ಮಾಡುತ್ತಾರೆ. ಈಗಿನ ಸುಂಕ ಆ ಹತ್ತು ಮಂದಿಯನ್ನು ಮೂರಕ್ಕೆ ಇಳಿಸುತ್ತಿದೆ. ಪುಣೆಯ ಕೋಥರೂಡದಲ್ಲಿ ಭಾವು ಜೋಶಿಯವರು ಕಟ್ಟಿದ ಮಿನಿಯೇಚರ್ ರೈಲ್ವೆ ಸಂಗ್ರಹಾಲಯ 1998ರಿಂದ ನಡೆಯುತ್ತಿದೆ. ಒಬ್ಬ ಮನುಷ್ಯನ ಹುಚ್ಚಿನಿಂದ ಒಂದು ಊರಿಗೆ ಏನು ಸಿಗುತ್ತದೆ ಎಂದು ತಿಳಿಯಬೇಕಾದವರು ಅಲ್ಲಿ ಹೋಗಿ ಮಕ್ಕಳ ಮುಖ ನೋಡಬೇಕು. ನಮ್ಮ ಟರ್ನರಿಗೆ ಹುಚ್ಚು ಹಿಡಿದದ್ದೂ ಅಲ್ಲೇ, ಹೈಸ್ಕೂಲ್ ಓದುವ ಮಗಳನ್ನು ತೋರಿಸಲು ಕರೆದೊಯ್ದಾಗ.

ಅಡ್ಡದಾರಿ ಹೇಳಿಕೊಡುವವರೂ ಕಡಿಮೆಯಿಲ್ಲ. ‘ಗಿಫ್ಟ್ ಅಂತ ಬರೆಸ್ರೀ’, ‘ಬಿಲ್ಲು ಅರ್ಧಕ್ಕ ಹಾಕಸ್ರೀ’, ‘ದುಬೈದಾಗ ಅದಾನಲ್ಲ ನಿಮ್ಮ ಅಳಿಯಾ, ಬ್ಯಾಗಿನ್ಯಾಗ ತರಸ್ರೀ’. ಗಿಫ್ಟಿನ ಬಾಗಿಲನ್ನು 2019ರ ಡಿಸೆಂಬರಿನಲ್ಲೇ ಮುಚ್ಚಿದರು. ಆನ್‌ಲೈನಿನಲ್ಲಿ ಕೊಂಡದ್ದನ್ನು ಉಡುಗೊರೆ ಎಂದು ತರಿಸುವ ಹಾಗಿಲ್ಲ, ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ವಿನಾಯಿತಿ. ಬಿಲ್ಲು ತಿದ್ದುವುದು ಸುಳ್ಳು, ಸಿಕ್ಕಿಬಿದ್ದರೆ ಮಾಲೂ ಹೋಗುತ್ತದೆ, ದಂಡವೂ ಬೀಳುತ್ತದೆ. ಹವ್ಯಾಸಿಗಳಲ್ಲಿ ಕೆಲವರು ಇದನ್ನು ಜಾಣತನ ಎಂದು ಹೇಳಿಕೊಂಡು ತಿರುಗುವುದನ್ನು ನಾವು ಕಂಡಿದ್ದೇವೆ. ಇವರ ಜಾಣತನದಿಂದಲೇ ನೇರ ಬಿಲ್ಲು ತರಿಸಿದವನ ಪೆಟ್ಟಿಗೆಯನ್ನೂ ಸಂಶಯದಿಂದ ಬಿಚ್ಚುತ್ತಾರೆ. ನಮ್ಮ ಟರ್ನರ್ ತಮ್ಮ ಬಿಲ್ಲನ್ನು ಇದ್ದ ಹಾಗೆ ಇಟ್ಟಿದ್ದರು.

ನಮ್ಮ ಕಸುಬಿನವರ ಪಾಲೂ ಇದರಲ್ಲಿದೆ, ಬಿಟ್ಟರೆ ತಪ್ಪಾಗುತ್ತದೆ. ಈ ವಿಷಯವನ್ನು ನಾವು ಮುನ್ನೂರು ಪದದಲ್ಲಿ ಬರೆದು ಡೆಸ್ಕಿಗೆ ಕಳಿಸಿದೆವು. ಸುಂಕದ ಲೆಕ್ಕ, ಚೀಟಿಯ ಫೋಟೊ ಎಲ್ಲ ಇತ್ತು. ಮೂರನೇ ದಿನ ಒಳಪುಟದ ಮೂಲೆಯಲ್ಲಿ ಐದು ಸಾಲು ಬಂತು: ‘ಆಟಿಕೆ ರೈಲಿನ ಹುಚ್ಚು!’ ಕೊನೆಗೆ ಉದ್ಗಾರ ಚಿಹ್ನೆ ಬೇರೆ. ನಮಗೆ ಸಿಗುವ ದುಡ್ಡು ಪ್ರಕಟವಾದ ಸಾಲಿನ ಲೆಕ್ಕದಲ್ಲಿ, ಆ ಕಥೆ ಬಿಡಿ. ವಯಸ್ಸಾದವನು ಕ್ರಿಕೆಟ್ಟಿಗೆ ರಾತ್ರಿಯೆಲ್ಲ ಕೂತರೆ ಅದು ಅಭಿಮಾನ, ಮೂರು ಲಕ್ಷದ ಬೈಕಿಗೆ ಸಾಲ ಮಾಡಿದರೆ ಶೋಕಿ, ಅದನ್ನೂ ಊರು ಒಪ್ಪುತ್ತದೆ. ತನ್ನ ಅಪ್ಪ ದುಡಿದ ದಾರಿಯ ಎಂಜಿನ್ನನ್ನು ಅಳತೆ ಹಿಡಿದು ಕಟ್ಟಿದರೆ ಮಾತ್ರ ‘ಆಡೂ ವಯಸ್ಸೇನ್ರೀ ಇದು?’ ಎನ್ನುತ್ತಾರೆ. ದೇಸೂರು ಸ್ಟೇಷನ್ನಿನ ಮುಂದೆ ಹೋಗಿ, ಇಲ್ಲಿ ಮೀಟರ್ ಗೇಜ್ ಇತ್ತು ಎಂಬುದಕ್ಕೆ ಒಂದು ಗುರುತು ತೋರಿಸಿ ಎಂದು ಅಂಥವರನ್ನು ಕೇಳಬೇಕು.

ಸುಂಕವನ್ನೇ ಎತ್ತಿಬಿಡಿ ಎಂದು ನಾವು ಕೇಳುತ್ತಿಲ್ಲ. ಅಳತೆಯ ಮಾದರಿ ಕಟ್ಟಲು ಬೇಕಾದ ಗಾಲಿ, ಹಳಿ, ಗೇರು, ಮೋಟಾರಿಗೆ ಗೊಂಬೆಯ ಚೀಲದಿಂದ ಬೇರೆಯಾದ ಒಂದು ಸಾಲು ಕೊಡಿ. ವರ್ಷಕ್ಕೆ ಇಷ್ಟು ರೂಪಾಯಿಯವರೆಗೆ ಎಂದು ಮಿತಿ ಹಾಕಿ, ಬೇಕಾದರೆ ಆಧಾರ್ ಕೇಳಿ, ಹೇಗೂ ಕೇಳುತ್ತಿದ್ದೀರಿ. ಎಲೆಕ್ಟ್ರಾನಿಕ್ ಆಟಿಕೆಯ ಬಿಡಿಭಾಗಕ್ಕೆ ಬಂದ ಬುದ್ಧಿ ಇದಕ್ಕೂ ಬರಲಿ. ದುಡ್ಡು ಕಟ್ಟುವ ಮೊದಲೇ ಯಾವ ಶೀರ್ಷಿಕೆಯಲ್ಲಿ ಎಷ್ಟು ಹಾಕಿದ್ದೇವೆ, ಒಪ್ಪದಿದ್ದರೆ ಯಾರನ್ನು ಕೇಳಬೇಕು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಬೆಳಗಾವಿಯಲ್ಲಿ ಕನ್ನಡಕ್ಕಾಗಿ ಬೋರ್ಡು ಬದಲಿಸುವ ಸಂಘಟನೆಗಳು ಒಮ್ಮೆ ಈ ಚೀಟಿಯ ಕಡೆಗೂ ನೋಡಬೇಕು. ನಮ್ಮ ಸಂಸದರಿಗೂ ಒಂದು ಮನವಿ ಕೊಟ್ಟು ಬಂದಿದ್ದೇವೆ. ಕಚೇರಿಯಲ್ಲಿದ್ದವರು ಮುದ್ರೆ ಒತ್ತಿ ಒಂದು ಪ್ರತಿ ವಾಪಸು ಕೊಟ್ಟರು.

ಟರ್ನರ್ ದುಡ್ಡು ಕಟ್ಟಲಿಲ್ಲ. ಅದೇ ವಾರ ಮಗಳ ಕಾಲೇಜಿನ ಫೀ ಇತ್ತು. ಪೆಟ್ಟಿಗೆ ಇಂಗ್ಲೆಂಡಿಗೆ ಮರಳಿತು, ಅಂಗಡಿಯವರು ಅಂಚೆ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕಿದರು. ಅವರ ಮೇಲೆ ನಮ್ಮ ದೂರಿಲ್ಲ.

ಕಳೆದ ಭಾನುವಾರ ಮತ್ತೆ ಹೋಗಿದ್ದೆವು. ಗಾಲಿಯನ್ನೂ ತಾವೇ ಕಡೆಯಲು ಶುರು ಮಾಡಿದ್ದಾರೆ. ಅದಕ್ಕಾಗಿ ಒಂದು ಫಾರ್ಮ್ ಟೂಲನ್ನು ಕೈಯಿಂದಲೇ ಉಜ್ಜಿ ಮಾಡಿಕೊಂಡಿದ್ದಾರೆ. ಹನ್ನೆರಡು ಗಾಲಿಯಲ್ಲಿ ಏಳು ಕೆಟ್ಟವು, ಐದು ನಿಂತವು. ಮೋಟಾರು ಹಳೆಯ ಸಿಡಿ ಪ್ಲೇಯರಿನದು, ಹಳಿ ಸೈಕಲ್ಲಿನ ಸ್ಪೋಕ್ ಕಡ್ಡಿ ಬೆಸೆದದ್ದು. ಎರಡು ಜೋಡಿ ಗಾಲಿಯ ಮೇಲೆ ಬರೀ ಟೆಂಡರ್ ಕೂರಿಸಿ ತಳ್ಳಿ ತೋರಿಸಿದರು. ನೇರ ಹಳಿಯಲ್ಲಿ ಹೋಯಿತು, ತಿರುವಿನಲ್ಲಿ ಬಿತ್ತು. ಎತ್ತಿ ಇಟ್ಟರು, ಮತ್ತೆ ಅಲ್ಲೇ ಬಿತ್ತು.

ಹೊರಸಿನ ಮೇಲೆ ಕೂತಿದ್ದ ಅಪ್ಪ ಆ ಕಡೆ ನೋಡಲಿಲ್ಲ, ಕಿವಿ ಮಾತ್ರ ಕೊಟ್ಟಿದ್ದರು. ‘ತಿರುವಿನ್ಯಾಗ ಹಳಿ ಬಿಗಿ ಆಗೇತಿ’ ಅಂದರು. ‘ಅಲ್ಲಿ ಸ್ವಲ್ಪ ಅಗಲ ಬಿಡಬೇಕೋ. ನಾವು ಬಿಡ್ತಿದ್ವಿ.’

ಮಗ ಕಾನಸು ಹುಡುಕಲು ಎದ್ದರು.